ಬ್ಯಾಟರಿ ನನ್ನ ಬ್ಯಾಗಿನಲ್ಲಿತ್ತು

ಮೊದಲೇ ಹೇಳಿಬಿಡುತ್ತೇನೆ. "ಯಾವುದೋ ಬೀದಿನಾಯಿ ಊಳಿಟ್ಟಿರುತ್ತೆ, ನೀವು ಹೆದರಿಕೊಂಡಿದ್ದೀರಿ ಅಷ್ಟೇ" ಎನ್ನುವವರು ಇಲ್ಲಿಗೇ ಪುಟ ಮಡಚಿಡಬಹುದು. ಆ ಮಾತನ್ನು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಮನಸ್ಸು ಒಪ್ಪಲಿಲ್ಲ. ಆ ಸಂಜೆ ನಾನು ಕಂಡದ್ದು ಸ್ವಲ್ಪ, ಕೇಳಿದ್ದು ಜಾಸ್ತಿ... ಕೇಳಿದ್ದಕ್ಕೆ ಒಂದಕ್ಷರವನ್ನೂ ಸೇರಿಸಿಲ್ಲ.

ಇನ್ನೊಂದು ಮಾತು. ಇದನ್ನು ಓದಿದ ಮೇಲೆ ನಾನೊಬ್ಬಳು ಹೊಟ್ಟೆಕಿಚ್ಚಿನ ಹೆಂಗಸು ಅನ್ನಿಸಿದರೆ ಅನ್ನಿಸಲಿ. ಹೊಟ್ಟೆ ಉರಿದದ್ದು ನಿಜ. ಈಗಲೂ ಉರಿಯುತ್ತಿದೆ.

ನಮ್ಮೆಜಮಾನರ ಹೆಸರು ಮೋಹನ್. ಮೈಸೂರು ಬಿಟ್ಟು ನಾವು ಬಂದು ನೆಲೆಸಿದ ಈ ದ್ವೀಪದೇಶದಲ್ಲಿ, ಕಲ್ಲಾಂಗ್‌ನ ಒಂದು ಇಂಡಸ್ಟ್ರಿಯಲ್ ಬಿಲ್ಡಿಂಗಿನಲ್ಲಿರುವ ಚಿಕ್ಕ ಕಂಪನಿಯಲ್ಲಿ ಸೌಂಡ್ ಎಂಜಿನಿಯರ್. ಏನು ಮಾಡುತ್ತಾರೆ ನಿಮ್ಮ ಹಸ್ಬೆಂಡ್ ಎಂದು ಯಾರಾದರೂ ಕೇಳಿದರೆ ಹೇಳುವುದೇ ನನಗೆ ಕಷ್ಟ. ಪ್ರಾಣಿಗಳನ್ನು ಕರೆಯುವ ಪೆಟ್ಟಿಗೆ ಮಾಡುತ್ತಾರೆ. ಅಮೆರಿಕದ ಪಶ್ಚಿಮದಲ್ಲಿ ಕಣ್ಣು ಹಾಯಿಸಿದಷ್ಟೂ ಬಯಲಂತೆ. ಅಲ್ಲಿ ಕಯೋಟಿ ಎನ್ನುವ ಪ್ರಾಣಿಯಿದೆ, ನರಿಗಿಂತ ದೊಡ್ಡದು, ತೋಳಕ್ಕಿಂತ ಚಿಕ್ಕದು. ಕುರಿಮರಿ, ಕರು ಹೊತ್ತುಕೊಂಡು ಹೋಗುತ್ತದೆಂದು ಅಲ್ಲಿಯವರು ಅದನ್ನು ಬೇಟೆಯಾಡುತ್ತಾರೆ. ಬೇಟೆಗಾರ ಈ ಪೆಟ್ಟಿಗೆಯನ್ನು ಪೊದೆಯಲ್ಲಿಟ್ಟು, ದೂರ ಹೋಗಿ ಕೂತು, ರಿಮೋಟ್ ಒತ್ತುತ್ತಾನೆ. ಪೆಟ್ಟಿಗೆಯ ಸ್ಪೀಕರ್ ಗಾಯಗೊಂಡ ಮೊಲದ ಹಾಗೆ ಚೀರುತ್ತದೆ, ಇಲ್ಲವೇ ಕಯೋಟಿಯ ಹಾಗೆ ಊಳಿಡುತ್ತದೆ. ನಂಬಿ ಬಂದ ಪ್ರಾಣಿ ಪೆಟ್ಟಿಗೆಯನ್ನೇ ನೋಡುತ್ತಾ ನಿಲ್ಲುತ್ತದೆ. ಆಮೇಲೆ ಗುಂಡು.

ಅಲ್ಲಿಂದ ರೆಕಾರ್ಡಿಂಗ್ ತರಿಸಿ, ಗಾಳಿಯ ಸದ್ದು ತೆಗೆದು, ದನಿಯನ್ನು ತೊಳೆದಿಟ್ಟ ಹಾಗೆ ಮಾಡುವುದು ಇವರ ಕೆಲಸ. ಪ್ರಾಣಿ ಕರೆಯುವ ಪೆಟ್ಟಿಗೆಗೆ ಊಳುಪೆಟ್ಟಿಗೆ ಎಂದು ನಾನೇ ಹೆಸರಿಟ್ಟಿದ್ದೆ. ತಮಾಷೆಯಾಗಿಯೇ ಇದ್ದೆವು, ಅವಳು ಬರುವ ತನಕ.

ಅವಳು ಅಂದರೆ ಒಂದು ಹೆಣ್ಣು ಕಯೋಟಿ. ಅದರ ಗಂಡು ಗುಂಡಿಗೆ ಬಲಿಯಾದ ಮೇಲೆ ಒಂದೇ ದಿಬ್ಬದ ಮೇಲೆ ನಿಂತು ದಿನಾ ಕತ್ತಲಾದರೆ ಕೂಗುತ್ತಿತ್ತಂತೆ. ಯಾರೋ ಪುಣ್ಯಾತ್ಮ ಅದನ್ನು ರೆಕಾರ್ಡ್ ಮಾಡಿ ಕಂಪನಿಗೆ ಕಳಿಸಿದ. ಅಂದಿನಿಂದ ನಮ್ಮವರಿಗೆ ಊಟ ಬೇಡ, ಮಾತು ಬೇಡ. ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ ಕೂತರೆಂದರೆ ಮುಗಿಯಿತು.

"ಸುಮಾ, ಬಾ ಇಲ್ಲಿ, ಕೇಳು. ಅವಳ ದನಿ ಕೊನೇಲಿ ಸ್ವಲ್ಪ ಒಡೆಯುತ್ತೆ ನೋಡು. ಅದನ್ನ ಯಾವ ಗಂಡೂ ತಡ್ಕೊಳ್ಳಕ್ಕಾಗಲ್ಲ."

"ಅವಳು ಏನ್ರೀ ಅವಳು? ಪ್ರಾಣಿ ಅದು. ಅದು ಅನ್ನಿ."

"ಹಾಂ?" ಎಂದರು. ಕೇಳಿಸಿಯೇ ಇರಲಿಲ್ಲ.

ನಮ್ಮ ಮಗಳು ಅನಘಾ ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ, ಇಲ್ಲಿಯವರ ಹಾಗೆ ಮಾತಿನ ಕೊನೆಗೆ 'ಲಾ' ಹಚ್ಚುತ್ತಾಳೆ. ಅವಳಿಗಂತೂ ನಗುವೋ ನಗು. "ಅಮ್ಮಾ, ನೀನು ಒಂದು ಕಯೋಟಿ ಮೇಲೆ ಜೆಲಸ್ ಆಗ್ತಿದ್ದೀಯಾ? ಸೋ ಫನ್ನಿ ಲಾ!"

ಫನ್ನಿಯಂತೆ. ಮದುವೆಗೆ ಮುಂಚೆ ಮೈಸೂರಿನಲ್ಲಿ ನಾನು ಹಾಡಿದ್ದನ್ನೆಲ್ಲ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು, ಕಣ್ಣು ಮುಚ್ಚಿ ಹೀಗೇ ಮುಗುಳ್ನಗುತ್ತಾ ಕೇಳುತ್ತಿದ್ದ ಮನುಷ್ಯ ಇವರು. ಅದೇ ನಗು. ನನಗೆ ಆ ನಗು ಗೊತ್ತು, ಅದು ನನ್ನದು. ಈಗ ಅಡುಗೆಮನೆಯಿಂದ ನಾನು "ರೀ" ಎಂದು ಮೂರು ಸಲ ಕೂಗಿದರೂ ಈ ಮನುಷ್ಯ ತಿರುಗುವುದಿಲ್ಲ. ನನಗೆ ಬೇರೇನೂ ಬೇಕಿರಲಿಲ್ಲ. ನಾನು ಕರೆದರೆ ತಿರುಗಿ ನೋಡಬೇಕು. ಅಷ್ಟೇ.

ಆ ದಿನ ನಮ್ಮ ಮದುವೆಯ ವಾರ್ಷಿಕೋತ್ಸವ. ಇವರೇ ನೆನಪಿಟ್ಟುಕೊಂಡು ತಂಜಾಂಗ್ ಪಗಾರ್‌ನಲ್ಲಿ ಒಂದು ಒಳ್ಳೆ ರೆಸ್ಟೋರೆಂಟಿನಲ್ಲಿ ಟೇಬಲ್ ಬುಕ್ ಮಾಡಿದ್ದರು. ನಾನು ಸಂಪಿಗೆ ಬಣ್ಣದ ಮೈಸೂರು ಸಿಲ್ಕ್ ಉಟ್ಟು, ಮಲ್ಲಿಗೆ ಮುಡಿದು ಬುಕಿತ್ ಪಂಜಾಂಗ್‌ನ ನಮ್ಮ ಫ್ಲ್ಯಾಟ್ ಬ್ಲಾಕಿನ ತೆರೆದ ನೆಲಮಹಡಿಗೆ, ಅಂದರೆ ವಾಯ್ಡ್ ಡೆಕ್ಕಿಗೆ, ಇಳಿದು ಬಂದರೆ, ಕಂಪನಿಯ ವ್ಯಾನ್ ನಿಂತಿತ್ತು. ಹಿಂದಿನ ಸೀಟಿನಲ್ಲಿ ಊಳುಪೆಟ್ಟಿಗೆ.

"ಒಂದೇ ಒಂದು ಟೆಸ್ಟ್ ಕಣೇ. ದಾರೀಲೇ ಮುಗಿಸ್ಕೊಂಡು ಹೋಗೋಣ. ಹೊಸ ಮಾಡೆಲ್ಲು, ಓಪನ್ ಜಾಗದಲ್ಲಿ ಸೌಂಡ್ ಎಷ್ಟು ದೂರ ಹೋಗುತ್ತೆ ನೋಡ್ಬೇಕು."

"ಯಾವ ದಾರೀಲಿ? ತಂಜಾಂಗ್ ಪಗಾರ್ ಆ ಕಡೆ, ನೀವು ಹೊರಟಿರೋದು ಈ ಕಡೆ!"

ವ್ಯಾನ್ ಊರಂಚಿನ ಲಿಮ್ ಚು ಕಾಂಗ್ ಕಡೆ ಹೊರಟಿತು. ಅಲ್ಲಿ ಹಳೆಯ ಫಾರ್ಮ್‌ಗಳನ್ನು ತೆಗೆಸಿದ ಮೇಲೆ ದೊಡ್ಡ ಬಯಲು ಖಾಲಿ ಬಿದ್ದಿತ್ತು, ಪಕ್ಕದ ನರ್ಸರಿಯವರ ಪರಿಚಯದಿಂದ ಒಳಗೆ ಹೋಗಲು ಒಪ್ಪಿಗೆ ಸಿಕ್ಕಿತ್ತು. ದಾರಿಯುದ್ದಕ್ಕೂ ನಾನು ಕಿಟಕಿಯ ಕಡೆ ಮುಖ ಮಾಡಿಕೊಂಡಿದ್ದೆ. ಇವರು ನನ್ನನ್ನು ಸಮಾಧಾನ ಮಾಡಲು ಆರಿಸಿಕೊಂಡ ವಿಷಯವೂ ಕಯೋಟಿಯೇ.

"ಇಂಟರೆಸ್ಟಿಂಗ್ ಆಗಿರೋದು ಹೇಳ್ಲಾ? ಒಂದು ಹೆಣ್ಣು ತನ್ನ ಜಾಗದಲ್ಲಿ ಇನ್ನೊಂದು ಹೆಣ್ಣಿನ ದನಿ ಕೇಳಿದ್ರೆ ಸುಮ್ನಿರಲ್ಲ. ಇದು ನನ್ನ ಜಾಗ, ಇವನು ನನ್ನವನು, ನಡಿ ಇಲ್ಲಿಂದ ಅಂತ ಕೂಗುತ್ತೆ. ಗಿಡ್ಡ, ಒರಟು ಕೂಗು. ಚಾಲೆಂಜ್ ಅಂತಾರೆ."

"ಸವತಿ ಕೂಗು ಅನ್ನಿ."

"ಹ್ಹ! ಹಾಗೇ ಅನ್ಕೋ."

"ಆಮೇಲೆ ಏನಾಗುತ್ತೆ?"

"ಇಬ್ಬರಲ್ಲಿ ಒಬ್ಬಳು ಜಾಗ ಬಿಟ್ಟು ಹೋಗ್ತಾಳೆ." ಇಂಡಿಕೇಟರ್ ಹಾಕುತ್ತಾ ಸೇರಿಸಿದರು, "ದನಿ ಕಮ್ಮಿ ಇರೋಳು."

ನಾವು ತಲುಪುವಾಗ ಸೂರ್ಯ ಮುಳುಗಿ ಆಗಿತ್ತು. ಮೊಣಕಾಲೆತ್ತರದ ಹುಲ್ಲು, ಆಚೆ ತುದಿಯಲ್ಲಿ ಕಪ್ಪಾಗಿ ನಿಂತ ಮರಗಳು. ಕಪ್ಪೆ, ಜೀರುಂಡೆಗಳ ಗಲಾಟೆಗೆ ಕಿವಿ ತುಂಬಿಹೋಯಿತು. ಬೆವರಿಗೆ ರವಿಕೆ ಮೈಗೆ ಅಂಟಿತು, ಒದ್ದೆ ಮಣ್ಣಿನ ವಾಸನೆ ಮೂಗಿಗೆ ಬಡಿಯಿತು. ಸಿಲ್ಕ್ ಸೀರೆಯ ಕೆಳಗೆ ಇವರು ತಂದಿದ್ದ ರಬ್ಬರ್ ಬೂಟು ಹಾಕಿಕೊಂಡು ನಿಂತಿದ್ದೆ. ನನ್ನ ಅವತಾರ ನೋಡಿ ನನಗೇ ಅಳು ಬಂತು.

ಅದು ಸತ್ತವರು ಓಡಾಡುತ್ತಾರೆಂದು ಚೀನೀಯರು ನಂಬುವ ಏಳನೇ ತಿಂಗಳೂ ಅಲ್ಲ. ಆಗಿದ್ದರೆ ನಮ್ಮ ಬ್ಲಾಕಿನ ಆಂಟಿಯರು ಸತ್ತವರಿಗೆಂದು ಕಾಗದ ಸುಡುವುದನ್ನು ನೋಡಿ, ಅದರಿಂದ ಮನಸ್ಸಿಗೆ ಹೊಕ್ಕ ಭಯ ಎಂದು ಹೇಳಿಕೊಳ್ಳಬಹುದಿತ್ತು.

"ನೀನು ಪೆಟ್ಟಿಗೆ ಅಲ್ಲಿ ಆ ಕಲ್ಲಿನ ಹತ್ರ ಇಟ್ಟು ಬಾ. ನಾನು ರೆಕಾರ್ಡರ್ ಸೆಟ್ ಮಾಡ್ತೀನಿ. ಆಮೇಲೆ ಆ ಕಡೆ ತುದಿಗೆ ಹೋಗಿ ಸೌಂಡ್ ಅಳೆಯೋ ಮೀಟರ್ ಹಿಡ್ಕೊಂಡು ನಿಂತ್ಕೋತೀನಿ. ತಲೆ ಟಾರ್ಚ್ ಒಂದ್ಸಲ ಆರಿಸಿ ಹಚ್ಚಿದ್ರೆ ನೀನು ರಿಮೋಟ್ ಒತ್ತು. ಒತ್ತಿದ ಮೇಲೆ ಮಾತಾಡ್ಬೇಡ, ಕೂಗ್ಬೇಡ. ರೆಕಾರ್ಡಿಂಗ್ ಹಾಳಾಗುತ್ತೆ."

"ಯಾವುದು ಒತ್ತಲಿ?"

"ಇನ್ಯಾವುದು... ಅವಳನ್ನೇ."

ಮದುವೆಯ ದಿನ, ಸಿಲ್ಕ್ ಸೀರೆಯಲ್ಲಿ, ಅವಳ ಗುಂಡಿ ಒತ್ತಲು ನಾನು! ಪೆಟ್ಟಿಗೆ ಹೊತ್ತುಕೊಂಡು ಹೋದೆ. ಕಲ್ಲಿನ ಪಕ್ಕ ಕೂತು, ಅದರ ಹಿಂದಿನ ಮುಚ್ಚಳ ತೆಗೆದು, ಸಾಬೂನು ಬಿಲ್ಲೆಯಷ್ಟಿದ್ದ ಬ್ಯಾಟರಿಯನ್ನು ಕಿತ್ತು ನನ್ನ ಬ್ಯಾಗಿಗೆ ಹಾಕಿಕೊಂಡೆ. ಹಾಡೇ ನೋಡೋಣ ಇವತ್ತು, ಎಂದುಕೊಂಡೆ. ಕೆಟ್ಟುಹೋಗಿದೆ ಎಂದು ಇವರು ಚಡಪಡಿಸಲಿ, ಆಮೇಲೆ ಊಟಕ್ಕೆ ಹೋಗೋಣ. ಮುಚ್ಚಳ ಹಾಕಿ ವಾಪಸ್ ಬಂದೆ. ಮನಸ್ಸು ಎಷ್ಟು ಹಗುರಾಗಿತ್ತೆಂದರೆ ಇವರು ಹೊರಡುವಾಗ "ಹುಷಾರು ರೀ" ಎಂದು ನಕ್ಕೂ ಬಿಟ್ಟೆ.

ಇವರ ಟಾರ್ಚ್ ಹುಲ್ಲಿನ ಮೇಲೆ ತೇಲುತ್ತಾ ದೂರ ಹೋಯಿತು. ನಿಂತಿತು. ಒಮ್ಮೆ ಆರಿತು, ಹತ್ತಿತು.

ನಾನು ನಾಟಕಕ್ಕೆ ರಿಮೋಟ್ ಒತ್ತಿದೆ. ಪೆಟ್ಟಿಗೆ ಸಿಗುತ್ತಿಲ್ಲ ಎಂದು ಅದರಲ್ಲಿ ಕೆಂಪು ದೀಪ ಹತ್ತಿತು. ನಗು ತಡೆದುಕೊಂಡೆ.

ಆಗ ಕಪ್ಪೆಗಳು ನಿಂತವು.

ಒಂದೊಂದಾಗಿ ಅಲ್ಲ. ಎಲ್ಲವೂ ಒಟ್ಟಿಗೆ... ಜೀರುಂಡೆಗಳೂ. ಕಿವಿಯಲ್ಲಿ ನನ್ನ ಉಸಿರು ಬಿಟ್ಟರೆ ಏನಿಲ್ಲ. ಮುಖಕ್ಕೆ ಒಂದು ಗಾಳಿ ಬಂತು. ಒಣ ಗಾಳಿ. ಈ ಊರಿನಲ್ಲಿ ಒಗೆದ ಬಟ್ಟೆ ಎರಡು ದಿನವಾದರೂ ಒಣಗುವುದಿಲ್ಲ, ಅಂಥ ಊರಿನಲ್ಲಿ ತಣ್ಣಗಿನ, ಪುಡಿಪುಡಿ ಧೂಳಿನ ವಾಸನೆಯ ಗಾಳಿ. ಕತ್ತಿನ ಬೆವರು ಆರಿತು. ಜನವರಿಯಲ್ಲಿ ಮೈಸೂರಿನಲ್ಲಿ ಆಗುವ ಹಾಗೆ ತುಟಿ ಬಿರಿಯಿತು.

ಆಮೇಲೆ ಅವಳು ಕೂಗಿದಳು.

ಕಲ್ಲಿನ ಕಡೆಯಿಂದ ಅಲ್ಲ. ಎಡಗಡೆ, ಮರಗಳ ಸಾಲಿನಿಂದ. ಉದ್ದಕ್ಕೆ, ಮೇಲಕ್ಕೆ ಎಳೆದುಕೊಂಡು ಹೋಗಿ... ಕೊನೆಯಲ್ಲಿ ದನಿ ಒಡೆಯಿತು.

ನಾನು ಬ್ಯಾಗಿನೊಳಗೆ ಕೈ ಹಾಕಿದೆ. ಬ್ಯಾಟರಿ ಇತ್ತು. ಬಾಚಣಿಗೆಯ ಪಕ್ಕ, ತಣ್ಣಗೆ, ಅಲ್ಲೇ ಇತ್ತು. ರಿಮೋಟಿನಲ್ಲಿ ಕೆಂಪು ದೀಪ ಹಾಗೇ ಉರಿಯುತ್ತಿತ್ತು.

ಸ್ಪೀಕರಿನ ದನಿಗೂ ಗಂಟಲಿನ ದನಿಗೂ ವ್ಯತ್ಯಾಸ ಗೊತ್ತಾಗುತ್ತದೆ. ಇವರು ಸ್ಪೀಕರಿನಲ್ಲಿ ಹಾಕಿದಾಗಲೆಲ್ಲ ತಿಂಗಳುಗಟ್ಟಲೆ ಅದೇ ಊಳನ್ನು ಗೋಡೆಯಾಚೆಯಿಂದ ಕೇಳಿದವಳು ನಾನು. ಇದರಲ್ಲಿ ಉಸಿರಿತ್ತು. ಕೂಗು ಮುಗಿದ ಮೇಲೆ ಆ ಉಸಿರನ್ನು ಒಳಕ್ಕೆ ಎಳೆದುಕೊಂಡದ್ದೂ ಕೇಳಿಸಿತು.

ದೂರದಲ್ಲಿ ನಮ್ಮವರ ಟಾರ್ಚ್ ತಿರುಗಿತು. ಮರಗಳ ಕಡೆಗೆ. ಹೊರಟಿತು.

"ರೀ..." ಎಂದೆ. ಬರೀ ಪಿಸುಮಾತು. "ರೀ! ಎಲ್ಲಿಗೆ?"

ಟಾರ್ಚ್ ನಿಲ್ಲಲಿಲ್ಲ.

"ಮೋಹನ್!" ಮದುವೆಯಾದ ಮೇಲೆ ಹೆಸರು ಹಿಡಿದು ಕೂಗಿದ್ದು ಅದೇ ಮೊದಲು. ಫೋನ್ ಮಾಡಿದೆ. ಇವರ ಅಂಗಿ ಜೇಬಿನಲ್ಲಿ ಫೋನಿನ ಬೆಳಕು ಮಿನುಗಿದ್ದು ಇಲ್ಲಿಂದಲೇ ಕಂಡಿತು. ರಿಂಗ್ ಆಗುತ್ತಲೇ ಇತ್ತು. ಆ ಬೆಳಕನ್ನು ಎದೆಯ ಮೇಲೆ ಹೊತ್ತುಕೊಂಡೇ, ಆತುರವೂ ಇಲ್ಲದೆ, ಮನೆಗೆ ಹೋಗುವವರ ಹಾಗೆ ನಡೆಯುತ್ತಿದ್ದರು.

ಓಡಿಹೋಗಿ ಹಿಡಿದುಕೊಳ್ಳಬೇಕಿತ್ತು ಅಲ್ಲವೇ? ಓಡಲಿಲ್ಲ. ಭಯವೇನೋ ಇತ್ತು, ಇಲ್ಲ ಎನ್ನುವುದಿಲ್ಲ. ಆದರೆ ಭಯದ ಕೆಳಗೆ ಇನ್ನೊಂದಿತ್ತು. ನಾನು ಮೂರು ಸಲ ಕರೆದೆ, ತಿರುಗಲಿಲ್ಲ. ಅವಳು ಒಂದೇ ಸಲ ಕರೆದಳು, ಹೊರಟುಬಿಟ್ಟರು! ಅವಳು ಏನಾದರೂ ಆಗಿರಲಿ, ದೆವ್ವವೋ ಪ್ರಾಣಿಯೋ... ನನ್ನ ಗಂಡ ಕಣೇ ಅವನು.

ಅಂಗೈ ಎರಡನ್ನೂ ಬಾಯಿಗೆ ಹಿಡಿದುಕೊಂಡೆ. ಹೆಸರು ಗೊತ್ತಾದದ್ದು ಅಂದೇ ಆದರೂ, ಚಾಲೆಂಜ್ ಕೂಗನ್ನೂ ಗೋಡೆಯಾಚೆಯಿಂದ ಕೇಳಿ ಕೇಳಿ ಬಾಯಿಪಾಠವಾಗಿತ್ತು. ಎರಡು ಒರಟು ಬೊಗಳು, ಹಿಂದೆಯೇ ಗಿಡ್ಡದೊಂದು ಊಳು.

ಊಳಿಟ್ಟೆ.

ಮಲ್ಲಿಗೆ ಮುಡಿದುಕೊಂಡು, ಸಿಲ್ಕ್ ಸೀರೆ ಉಟ್ಟುಕೊಂಡು, ಹೊಟ್ಟೆಯ ಆಳದಿಂದ ಊಳಿಟ್ಟೆ. ಅಂಥ ದನಿ ನನ್ನೊಳಗೆ ಇದೆಯೆಂದು ನನಗೇ ಗೊತ್ತಿರಲಿಲ್ಲ. ಗಂಟಲು ಹರಿದುಹೋಯಿತು, ಬಾಯಲ್ಲಿ ರಕ್ತದ ರುಚಿ ಬಂತು.

ಮರಗಳ ಕಡೆ ಏನೋ ಸರಿದ ಸದ್ದಾಯಿತು. ಒಣ ಹುಲ್ಲು ಮುರಿಯುವ ಸದ್ದು. ಅಲ್ಲಿದ್ದದ್ದೆಲ್ಲ ಹಸಿ ಹುಲ್ಲು.

ಆಮೇಲೆ ಒಂದು ಕಪ್ಪೆ ವಟಗುಟ್ಟಿತು. ಇನ್ನೊಂದು. ಸೆಖೆ ಮೈಮೇಲೆ ಮತ್ತೆ ಬಂದು ಬಿತ್ತು. ಮರಗಳ ಅಂಚಿನಲ್ಲಿ ಟಾರ್ಚ್ ನಿಂತಿತ್ತು. ತುಂಬಾ ಹೊತ್ತು ನಿಂತೇ ಇತ್ತು... ಕೊನೆಗೆ ನನ್ನ ಕಡೆ ತಿರುಗಿತು.

ಹತ್ತಿರ ಬಂದಾಗ ನೋಡಿದೆ. ಇವರ ತುಟಿ ಬಿರಿದು ಬಿಳಿಯಾಗಿತ್ತು. ಸಾಕ್ಸಿನ ತುಂಬ ಒಣಗಿದ ಮುಳ್ಳುಬೀಜಗಳು. ನನ್ನ ಸೀರೆಯ ಅಂಚಿಗೆ ಅಂಟಿದ್ದು ಬರೀ ಕೆಸರು.

"ಏನ್ ಸುಮಾ, ಟೆಸ್ಟ್ ಮಧ್ಯೆ ಯಾಕೆ ಕರೆದೆ?"

"ನೀವ್ಯಾಕೆ ಆ ಕಡೆ ಹೋದ್ರಿ?"

"ನೀನು ಕರೆದ್ಯಲ್ಲ, ಅಲ್ಲಿಂದ." ಮರಗಳ ಕಡೆ ಕೈ ತೋರಿಸಿದರು. "ಅಷ್ಟು ದೂರ ಯಾವಾಗ ಹೋದ್ಯೋ ಅನ್ಕೊಂಡೆ. ಹತ್ತಿರ ಹೋದ್ರೆ ನೀನು ಇಲ್ಲ. ಆಮೇಲೆ ಈ ಕಡೆಯಿಂದ ಕೂಗಿದೆ."

ನಾನು ಬ್ಯಾಗಿನಿಂದ ಬ್ಯಾಟರಿ ತೆಗೆದು ಇವರ ಕೈಗಿಟ್ಟೆ. ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಕಲ್ಲಿನ ಹತ್ತಿರ ಹೋಗಿ ಪೆಟ್ಟಿಗೆಯ ಮುಚ್ಚಳ ತೆಗೆದು ನೋಡಿ, ಹಾಗೇ ಎತ್ತಿಕೊಂಡು ಬಂದರು. ವ್ಯಾನ್ ಹತ್ತಿದ ಮೇಲೆ ಇಬ್ಬರೂ ಬಾಗಿಲು ಲಾಕ್ ಆಗಿದೆಯಾ ಎಂದು ನೋಡಿಕೊಂಡೆವು. ಊಟಕ್ಕೆ ಹೋಗಲಿಲ್ಲ.

ಆದರೆ ರೆಕಾರ್ಡರ್ ಇತ್ತಲ್ಲ. ನನ್ನ ಪಕ್ಕದಲ್ಲೇ, ಸ್ಟ್ಯಾಂಡಿನ ಮೇಲೆ, ಉದ್ದಕ್ಕೂ ಓಡುತ್ತಲೇ ಇತ್ತು.

ಮನೆಗೆ ಬಂದವರು ಬೂಟೂ ಬಿಚ್ಚದೆ ಅದನ್ನು ಕಂಪ್ಯೂಟರಿಗೆ ಹಾಕಿದರು. ಕಪ್ಪೆಗಳ ಗಲಾಟೆ. ಮೌನ. ಉದ್ದನೆಯ ಊಳು. ನಾನು ಪಿಸುಗುಟ್ಟಿದ್ದು, ಕೂಗಿದ್ದು. ಆಮೇಲೆ ಗಿಡ್ಡ ಊಳು, ನನ್ನದು. ಇವರು ಎರಡು ಊಳನ್ನೂ ಮೇಲೆ ಕೆಳಗೆ ಇಟ್ಟು ತಾಳೆ ನೋಡಿದರು. ಕಯೋಟಿಯ ಹಳೆಯ ಫೈಲನ್ನೂ ಪಕ್ಕಕ್ಕಿಟ್ಟರು. ಹೆಡ್‌ಫೋನ್ ತೆಗೆದು ನನ್ನ ಕಡೆ ತಿರುಗಿದಾಗ ಮುಖ ಅರಳಿತ್ತು.

"ಇದು ಅವಳಲ್ಲ ಕಣೇ. ಈಗ ಕೇಳ್ದಾಗ ಮೊದಲು ಅವಳೇ ಅನ್ಕೊಂಡೆ, ನಂದೇ ತಪ್ಪು. ಎರಡೂ ನೀನೇ."

"ಏನ್ರೀ ಹೇಳ್ತಿದ್ದೀರಾ?"

"ಒಂದೇ ಗಂಟಲು. ನಾನು ದಿನಾ ಮಾಡೋ ಕೆಲಸ ಅಲ್ವಾ ಇದು, ನಂಗೆ ಗೊತ್ತಾಗಲ್ವಾ? ಮೊದಲನೇದೂ ನೀನೇ, ಎರಡನೇದೂ ನೀನೇ. ಎಷ್ಟು ಚೆನ್ನಾಗಿ ಕೂಗಿದ್ದೀಯ ಸುಮಾ! ಇಷ್ಟು ದಿನ ಯಾಕೆ ಬಚ್ಚಿಟ್ಟಿದ್ದೆ?"

"ರೀ, ನಾನು ಕೂಗಿದ್ದು ಒಂದೇ ಸಲ."

"ಟೆನ್ಷನ್‌ನಲ್ಲಿ ನಿಂಗೆ ನೆನಪಿಲ್ಲ ಅಷ್ಟೇ," ಎಂದು ನನ್ನ ಕೆನ್ನೆ ತಟ್ಟಿದರು. ಕೆನ್ನೆ ತಟ್ಟಿ ಎಷ್ಟು ಕಾಲವಾಗಿತ್ತೋ! ಆ ಕ್ಷಣ ಹೌದು ಎಂದುಬಿಡೋಣ ಅನ್ನಿಸಿತು. ನಾಚಿಕೆಯಿಲ್ಲದೆ ಹೇಳುತ್ತೇನೆ, ಅನ್ನಿಸಿತು.

ಆ ಹಳೆಯ ಹೆಣ್ಣು ಕಯೋಟಿಯ ಫೈಲನ್ನು ಇವರು ಮನೆಯಲ್ಲಿ ಮತ್ತೆ ತೆರೆಯಲಿಲ್ಲ. ಈಗ ಸಂಜೆಯಾದರೆ ಹೆಡ್‌ಫೋನ್ ಹಾಕಿಕೊಂಡು ನಮ್ಮ ರೆಕಾರ್ಡಿಂಗನ್ನೇ ಕೇಳುತ್ತಾರೆ. ಅದೇ ಮುಗುಳ್ನಗು. ಅನಘಾ ಬಾಗಿಲಲ್ಲಿ ನಿಂತು, "ವಾ, ಅಪ್ಪ ಅಮ್ಮನ ವಾಯ್ಸ್ ಕೇಳ್ತಾ ಕೂತಿದ್ದಾರೆ. ಸೋ ಸ್ವೀಟ್ ಲಾ. ಈಗ್ಲಾದ್ರೂ ಹ್ಯಾಪಿನಾ ಅಮ್ಮಾ?" ಎನ್ನುತ್ತಾಳೆ.

ಏನು ಹೇಳಲಿ ಆ ಮಗುವಿಗೆ? ಒಂದು ದಿನ ನಾನೇ ಹೋಗಿ ಪಕ್ಕದಲ್ಲಿ ಕೂತು, "ಎರಡನೇದು ಹಾಕಿ ರೀ, ಗಿಡ್ಡದು" ಎಂದೆ. "ಎರಡೂ ನೀನೇ ಅಲ್ವಾ?" ಎಂದು ನಕ್ಕು, ಎರಡನೆಯದನ್ನು ಒಮ್ಮೆ ಹಾಕಿದರು. ಆಮೇಲೆ ಮತ್ತೆ ಮೊದಲನೆಯದಕ್ಕೇ ಹೋದರು. ದಿನಾ ಕೇಳುವುದು ಮೊದಲನೆಯದನ್ನೇ. ನನ್ನ ದನಿಯಂತೆ ಅದು! ನನ್ನ ದನಿಯನ್ನೂ ಬಿಡಲಿಲ್ಲವಲ್ಲ ಅವಳು ಎಂದು ಮೈಯೆಲ್ಲ ಉರಿಯುತ್ತದೆ.

ಮೊನ್ನೆ ನಾನು ಅಡುಗೆಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಕೆಳಗೆ ಎಲ್‌ಆರ್‌ಟಿ ರೈಲು ಹೋದ ಸದ್ದು. ಇವರು ರೂಮಿನಿಂದ ಎದ್ದು ಬಂದರು. ತಲೆಯ ಮೇಲೆ ಹೆಡ್‌ಫೋನ್ ಇರಲಿಲ್ಲ.

"ಕರೆದ್ಯಾ?"

"ಇಲ್ವಲ್ಲ."

"ಓ..." ಎಂದವರು ವಾಪಸ್ ರೂಮಿಗೆ ಹೋಗಲಿಲ್ಲ. ಬಾಲ್ಕನಿಗೆ ಹೋಗಿ ಕಂಬಿ ಹಿಡಿದು ನಿಂತರು. ಒಗ್ಗರಣೆ ಕರಕಲಾಗುವ ತನಕ ನಾನು ಅವರ ಬೆನ್ನನ್ನೇ ನೋಡುತ್ತಾ ನಿಂತಿದ್ದೆ. ನಾಲಿಗೆಯಿಂದ ತುಟಿ ಸವರಿಕೊಂಡರೆ ಬಿರಿದಿತ್ತು.

ಅಂದಿನಿಂದ ಸಂಜೆಯಾದರೆ ನಾನೇ ಮೊದಲು ಕರೆಯುತ್ತೇನೆ. ಸುಮ್ಮಸುಮ್ಮನೆ ಕರೆಯುತ್ತೇನೆ. ರೀ, ಉಪ್ಪು ಸಾಕಾ ನೋಡಿ. ರೀ, ಈ ಡಬ್ಬಿ ಇಳಿಸಿಕೊಡಿ. ರೀ, ಇಲ್ಲಿ ಬನ್ನಿ. ಈಗ ಮೂರು ಸಲ ಕೂಗಬೇಕಿಲ್ಲ, ಒಂದೇ ಸಲಕ್ಕೆ ಬರುತ್ತಾರೆ.

ಬರುವಾಗ ಮೊದಲು ಬಾಲ್ಕನಿ ಕಡೆ ನೋಡುತ್ತಾರೆ. ಆಮೇಲೆ ನನ್ನ ಕಡೆ.